ಕೈರೋ ನಗರದ ಬೀದಿಗಳಲ್ಲಿ

ಕೈರೋ ಪಟ್ಟಣಕ್ಕೆ ಹೋಗಿಬಂದೆವೆಂದು ಹೇಳಿದೊಡನೆಯೇ ಎಲ್ಲರೂ ಮೊದಲು ವಿಚಾರಿಸುವುದು ಪಿರಮಿಡ್ಡುಗಳನ್ನು. ಅವನ್ನೂ ನೋಡಿದೆವು. ನಾಲ್ಕೂವರೆ ಸಾವಿರ ವರ್ಷಗಳಿಂದ ನಿಂತಲ್ಲಿಯೇ ನಿಂತಿರುವ ಆ ಕಲ್ಲಿನ ಬೆಟ್ಟಗಳನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅವರ ಮಾತಿಗೆ ನಾನು ಕೂಡಿಸತಕ್ಕುದು ಏನೂ ಇಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಊರಿನ ಬೀದಿ. ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಅಳಿಯಂದಿರು ಉದ್ಯೋಗನಿಮಿತ್ತವಾಗಿ ಆ ಊರಿನಲ್ಲಿದ್ದಾರೆ. ೨೦೨೪ ನೆಯ ಇಸವಿಯ ಜನವರಿಯಲ್ಲಿ ನಾನೂ ನನ್ನ ಮನೆಯವರೂ ಅವರಲ್ಲಿಗೆ ಹೋಗಿ ಇಪ್ಪತ್ತು ದಿನ ಇದ್ದೆವು. ಮನೆ ಇದ್ದುದು ನೈಲ್ ನದಿಯ ಪಶ್ಚಿಮಕ್ಕೆ, ದೊಕ್ಕಿ ಎಂಬ ಬಡಾವಣೆಯಲ್ಲಿ; ಹಳೆಯದೊಂದು ಕಟ್ಟಡದ ನಾಲ್ಕನೆಯ ಅಂತಸ್ತು. ಮಗಳೂ ಅಳಿಯಂದಿರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಹಿಂದಿರುಗುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನಾವಿಬ್ಬರು ಮುದುಕರು, ಮತ್ತು ಭಾಷೆ ತಿಳಿಯದ ಆ ಬೀದಿ.

ಮೊದಲನೆಯ ದಿನವೇ ನಮಗೆ ಒದಗಿದ ಕಷ್ಟ ರಸ್ತೆ ದಾಟುವುದು. ಸುತ್ತಣ ಪೇಟೆಗಳೂ ಸೇರಿ ಎರಡು ಕೋಟಿಗೂ ಮಿಕ್ಕ ಜನ ವಾಸಮಾಡುವ ಊರು ಅದು. ಅಷ್ಟು ಜನರಿಗೂ ಆ ದಿನ ನಮ್ಮ ರಸ್ತೆಯಲ್ಲಿಯೇ ಕೆಲಸವಿದ್ದಂತೆ ತೋರಿತು. ಗಾಡಿಗಳು ಗೆರೆಗಳನ್ನು ಲಕ್ಷಿಸುವುದಿಲ್ಲ, ನಿಲ್ಲುವುದೂ ಇಲ್ಲ, ಆದರೆ ಯಾವುದೂ ಅತಿವೇಗವಾಗಿ ಬರುವುದಿಲ್ಲ. ಬಾಡಿಗೆಯ ಸಣ್ಣ ಬಸ್ಸುಗಳಿಗೆ ಫಲಕವಿಲ್ಲ. ಹತ್ತಬೇಕಾದವರು ದಾರಿಯ ಬದಿಯಲ್ಲಿ ನಿಂತು ಕೈಸನ್ನೆಯಿಂದಲೇ ತಾವು ಹೋಗಬೇಕಾದ ಸ್ಥಳವನ್ನು ಸೂಚಿಸುತ್ತಾರೆ. ಪಿರಮಿಡ್ಡುಗಳಿರುವ ಹರಮ್ ಕಡೆಗಾದರೆ ಎರಡು ಕೈಬೆರಳುಗಳನ್ನೂ ಕೂಡಿಸಿ ಗೋಪುರದಂತೆ ಹಿಡಿಯುವುದುಂಟು. ಅರ್ಧ ಗಂಟೆ ನಾವು ಅಂಚಿನಲ್ಲಿ ನಿಂತು ಈ ಮುದ್ರೆಗಳನ್ನು ನೋಡಿದೆವು. ಕೊನೆಗೆ ನನ್ನ ಮನೆಯವರು, “ನೀವು ಬೇಕಾದರೆ ದಾಟಿ ಬನ್ನಿ, ನಾನು ಇಲ್ಲಿಂದ ಕಾಲು ತೆಗೆಯುವುದಿಲ್ಲ” ಎಂದುಬಿಟ್ಟರು.

ಅಷ್ಟರಲ್ಲಿ ಕೊತ್ತಂಬರಿಯ ಕಟ್ಟುಗಳನ್ನು ತಲೆಯ ಮೇಲೆ ಹೊತ್ತಿದ್ದ ಹೆಂಗಸೊಬ್ಬಳು ಬಂದಳು. “ಯಾ ಹಗ್ಗಾ” ಎಂದು ನನ್ನವರ ಕೈಯನ್ನು ಹಿಡಿದಳು. ಬಲಗೈಯನ್ನು ಗಾಡಿಗಳ ಕಡೆಗೆ ಚಾಚಿ, ಹೊಳೆಗೆ ಇಳಿಯುವವಳಂತೆ ನೇರವಾಗಿ ರಸ್ತೆಗೆ ಇಳಿದೇಬಿಟ್ಟಳು. ಗಾಡಿಗಳು ಅವರ ಹಿಂದೆಯೂ ಮುಂದೆಯೂ ಕವಲೊಡೆದು ಹರಿದುವು. ನಾನು ಜಾಗ್ರತೆಯಾಗಿ ಹಿಂದೆಯೇ ನಡೆದೆ. ಆಚೆಯ ದಡದಲ್ಲಿ ಕೈಬಿಟ್ಟು ಆಕೆ ತನ್ನ ದಾರಿ ಹಿಡಿದಳು. ಹಗ್ಗಾ ಎಂದರೆ ಮೆಕ್ಕಾ ಯಾತ್ರೆ ಮಾಡಿಬಂದವಳು ಎಂದು ಅರ್ಥ. ವಯಸ್ಸಾದ ಹೆಂಗಸರನ್ನೆಲ್ಲ ಅಲ್ಲಿ ಗೌರವಕ್ಕಾಗಿ ಹಾಗೆಯೇ ಕರೆಯುತ್ತಾರೆ. ಸಂಜೆ ಮಗಳಿಂದ ಇದನ್ನು ತಿಳಿದ ನನ್ನವರು, “ಇನ್ನೂ ಕಾಶಿಗೇ ಹೋಗಿಲ್ಲ, ಆಗಲೇ ಇಲ್ಲಿಯವರು ಯಾತ್ರೆಯ ಪುಣ್ಯ ಕಟ್ಟಿಬಿಟ್ಟರು” ಎಂದು ನಕ್ಕರು.

ಅನಂತರ ಅವರಿಗೆ ಆ ಊರಿನ ಮೇಲೆ ಒಂದು ಬಗೆಯ ಸಲಿಗೆ ಬಂದಿತು. ಬೆಳಗ್ಗೆ ಎದ್ದವರೇ ಮೊಗಸಾಲೆಯ ಕಟಕಟೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತುಬಿಡುವರು. ಕೆಳಗಡೆ ಒಂದಾದಮೇಲೊಂದು ಕೂಗು. ಹಳೆಯ ಸಾಮಾನು ಕೊಳ್ಳುವವನು “ರೋಬಾಬೀಕ್ಯಾ” ಎಂದು ರಾಗವೆಳೆಯುತ್ತ ಬರುತ್ತಾನೆ. ಹಳೆಯ ಸಾಮಾನು ಎಂಬ ಅರ್ಥದ ಇಟಲಿಯ ಮಾತು ಅಲ್ಲಿಯವರ ನಾಲಗೆಯಲ್ಲಿ ಹಾಗಾಗಿದೆಯಂತೆ. ನಮ್ಮ ಬೀದಿಗಳಲ್ಲಿ ಹಳೇ ಕಬ್ಬಿಣ, ಹಳೇ ಪೇಪರ್ ಎಂದು ಕೂಗುವವನ ಒಡಹುಟ್ಟಿದವನೇ ಸರಿ. ರಾಗವೂ ಬಹುಮಟ್ಟಿಗೆ ಅದೇ. ತಳ್ಳುವ ಗಾಡಿಯ ಮೇಲೆ ಒಲೆಯನ್ನೇ ಕಟ್ಟಿಕೊಂಡು ಸಿಹಿಗೆಣಸನ್ನು ಸುಟ್ಟು ಮಾರುವವನು, ಕಿತ್ತಿಳೆಯವನು, ಅಡಿಗೆಯ ಅನಿಲದ ಸಿಲಿಂಡರನ್ನು ಕಬ್ಬಿಣದ ತುಂಡಿನಿಂದ ಟಣಟಣನೆ ಬಡಿಯುತ್ತ ಬರುವವನು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ನಾದ.

ಇವರ ಬಳಿ ಸಾಮಾನು ಕೊಳ್ಳಲು ಗೃಹಿಣಿಯರು ಮೆಟ್ಟಿಲಿಳಿದು ಬರುವುದಿಲ್ಲ. ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯುತ್ತದೆ, ಅದರಲ್ಲಿ ಹಣ. ವ್ಯಾಪಾರಿ ಹಣವನ್ನು ತೆಗೆದುಕೊಂಡು ತರಕಾರಿಯನ್ನೂ ಉಳಿದ ಚಿಲ್ಲರೆಯನ್ನೂ ಇಡುತ್ತಾನೆ, ಬುಟ್ಟಿ ಮೇಲೇರುತ್ತದೆ. ಟೊಮೇಟೋ ಮೆತ್ತಗಿದ್ದರೆ ಬುಟ್ಟಿ ಮತ್ತೆ ಇಳಿಯುತ್ತದೆ, ಜೊತೆಗೆ ನಾಲ್ಕು ಬಿರುಸು ಮಾತುಗಳೂ ಇಳಿಯುತ್ತವೆ. ನಮ್ಮ ಬಾವಿಕಟ್ಟೆಯಲ್ಲಿ ಕೊಡ ಸೇದುವಂತೆ ಇವರು ಬೀದಿಯಿಂದ ಸಂಸಾರವನ್ನು ಸೇದಿಕೊಳ್ಳುತ್ತಾರೆ! ಒಂದು ವಾರ ಕಳೆಯುವಷ್ಟರಲ್ಲಿ ನನ್ನವರೂ ಒಂದು ಬುಟ್ಟಿಯನ್ನು ಸಂಪಾದಿಸಿದರು. ಅರಬ್ಬೀ ಭಾಷೆಯಲ್ಲಿ ಅವರಿಗೆ ಆಗ ಬರುತ್ತಿದ್ದುದು ಮೂರೇ ಮಾತು. ಚೌಕಾಸಿಗೆ ಅಷ್ಟು ಸಾಕಾಯಿತು.

ಹೊರಡುವ ಮೊದಲು ಊಟದ ವಿಷಯದಲ್ಲಿ ನಮಗೆ ಬಹಳ ಅಂಜಿಕೆಯಿತ್ತು. ಸಸ್ಯಾಹಾರಿಗಳು ಆ ದೇಶದಲ್ಲಿ ಬದುಕುವುದೆಂತು ಎಂದು ಒಂದು ಚೀಲ ಅವಲಕ್ಕಿ, ಎರಡು ಡಬ್ಬ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಆದರೆ ಅಲ್ಲಿಯ ಬಡವರ ಬೀದಿಯ ಆಹಾರದಲ್ಲಿ ಬಹುಭಾಗ ಕಾಳುಬೇಳೆಯೇ. ಬೆಳಗಿನ ಉಪಾಹಾರ ಫೂಲ್: ಅವರೆಗಿಂತ ದಪ್ಪನಾದ ಒಂದು ಕಾಳನ್ನು ಕಿರಿದಾದ ಕುತ್ತಿಗೆಯ ದೊಡ್ಡ ಪಾತ್ರೆಯಲ್ಲಿ ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ, ಎಣ್ಣೆ, ನಿಂಬೆರಸ, ಜೀರಿಗೆ ಬೆರಸಿ ಕೊಡುತ್ತಾರೆ. ಅದೇ ಕಾಳನ್ನು ನೆನೆಸಿ, ಸೊಪ್ಪುಗಳೊಡನೆ ರುಬ್ಬಿ, ಎಣ್ಣೆಯಲ್ಲಿ ಕರಿದದ್ದು ತಾಮೀಯ. ಹೊರಗೆ ಕೆಂಪು, ಒಳಗೆ ಹಸುರು, ನಮ್ಮ ಆಂಬೊಡೆಯ ದಾಯಾದಿ. ಕೊಶರಿ ಎಂಬುದು ಮಾತ್ರ ವಿಚಿತ್ರವಾದ ಮಿಶ್ರಣ. ಅನ್ನ, ಕಪ್ಪು ಚನ್ನಂಗಿ, ಶ್ಯಾವಿಗೆ ಜಾತಿಯ ಮ್ಯಾಕರೋನಿ, ಕಡಲೆ, ಮೇಲೆ ಟೊಮೇಟೋ ಸಾರು, ಬೆಳ್ಳುಳ್ಳಿ ಹುಳಿ, ಕರಿದ ಈರುಳ್ಳಿ, ಎಲ್ಲವೂ ಒಂದೇ ಬಟ್ಟಲಿನಲ್ಲಿ. ನಮ್ಮ ಕಿಚಡಿಯೇ ಸಮುದ್ರ ದಾಟಿ ಹೋಗಿ ಕೊಶರಿಯಾಯಿತೆಂದು ಹೇಳುವವರು ಹಲವರಿದ್ದಾರೆ. ಚಟ್ನಿಪುಡಿಯನ್ನು ಕೊಶರಿಯ ಮೇಲೆ ಉದುರಿಸಿಕೊಂಡು ನೋಡಿದ ನನ್ನವರು ಆ ಸಂಬಂಧವನ್ನು ಒಪ್ಪಿಕೊಂಡರು.

ಒಂದು ಶುಕ್ರವಾರ ಅಳಿಯಂದಿರು ನಮ್ಮನ್ನು ಹಳೆಯ ಪಟ್ಟಣಕ್ಕೆ ಕರೆದೊಯ್ದರು. ಕ್ರಿ. ಶ. ೯೬೯ ರಲ್ಲಿ ಫಾತಿಮಿ ವಂಶದ ಸೇನಾನಿ ಜೌಹರನು ಸ್ಥಾಪಿಸಿದ ಊರು ಅದು. ಕೈರೋ ಎಂಬುದಕ್ಕೆ ಮೂಲವಾದ ಅಲ್ ಕಾಹಿರಾ ಎಂದರೆ ಜಯಶಾಲಿನಿ. ಅದರ ನಡುವಿನ ಅಲ್ ಮುಇಜ್ ಬೀದಿಯುದ್ದಕ್ಕೂ ಮಸೀದಿಗಳು, ಪಾಠಶಾಲೆಗಳು, ತಾಮ್ರದ ಪಾತ್ರೆಯವರು, ಸುಗಂಧದ್ರವ್ಯದವರು. ಸಂದಿಗೊಂದಿಗಳಲ್ಲಿ ಕಾಫಿಯ ಅಂಗಡಿ. ಗಂಡಸರು ಹುಕ್ಕದ ನಳಿಗೆ ಕಚ್ಚಿಕೊಂಡು ಪಗಡೆಯಂಥ ಒಂದು ಆಟವನ್ನು ಆಡುತ್ತ ಗಂಟೆಗಟ್ಟಲೆ ಕುಳಿತಿರುತ್ತಾರೆ. ೧೯೮೮ ರಲ್ಲಿ ನೊಬೆಲ್ ಪಾರಿತೋಷಕ ಪಡೆದ ನಗೀಬ್ ಮಹಫೂಜ್ ಅವರು ಇಂಥ ಓಣಿಗಳ ಸಂಸಾರಗಳನ್ನೇ ಕಾದಂಬರಿಗಳಲ್ಲಿ ಬರೆದವರು.

ಆ ಬೀದಿ ಎರಡಾಗಿ ಕವಲೊಡೆಯುವಲ್ಲಿ, ೧೭೪೪ ರಲ್ಲಿ ಅಬ್ದುಲ್ ರಹಮಾನ್ ಕತ್ಖುದಾ ಎಂಬ ಅಧಿಕಾರಿ ಕಟ್ಟಿಸಿದ ಒಂದು ಸಬೀಲ್ ಇದೆ. ಸಬೀಲ್ ಎಂದರೆ ನಮ್ಮ ಅರವಟ್ಟಿಗೆ. ಕೆಳಗಿನ ಅಂತಸ್ತಿನ ಜಾಲಂಧ್ರಗಳಿಂದ ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಹುಡುಗರಿಗೆ ಓದು ಕಲಿಸುತ್ತಿದ್ದರು. ಕೆಳಗೆ ನೀರಡಿಕೆಗೆ, ಮೇಲೆ ಅರಿವಿಗೆ! ಈಗ ಅಲ್ಲಿ ನೀರೂ ಇಲ್ಲ, ಪಾಠವೂ ಇಲ್ಲ; ಪ್ರೇಕ್ಷಕರು ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಆ ಸಂಪ್ರದಾಯ ಅಳಿದಿಲ್ಲ. ಊರಿನಲ್ಲಿ ಎಷ್ಟೋ ಮನೆ ಅಂಗಡಿಗಳ ಮುಂದೆ ಮಣ್ಣಿನ ಹರವಿಯನ್ನೋ ತಣ್ಣೀರಿನ ಯಂತ್ರವನ್ನೋ ಇಟ್ಟು, ಸರಪಣಿ ಕಟ್ಟಿದ ಲೋಟವನ್ನು ತೂಗುಹಾಕಿರುತ್ತಾರೆ. ತೀರಿಕೊಂಡ ತಾಯಿತಂದೆಗಳ ಹೆಸರಿನಲ್ಲಿ ಇಡುವವರೇ ಹೆಚ್ಚು.

ಊರೆಲ್ಲ ಚೊಕ್ಕಟವೆಂದು ಹೇಳಿದರೆ ಸುಳ್ಳಾದೀತು. ವರ್ಷದಲ್ಲಿ ಮಳೆ ಬೀಳುವ ದಿನಗಳು ಬೆರಳೆಣಿಕೆಯಷ್ಟು. ಎಲೆ, ಗೋಡೆ, ಗಾಡಿ ಎಲ್ಲದರ ಮೇಲೂ ಮರಳುಗಾಡಿನ ಧೂಳು. ಕಸವೂ ಬೇಕಾದಷ್ಟಿದೆ. ಆ ಕಸವನ್ನು ಮನೆಮನೆಗೂ ಹೋಗಿ ಎತ್ತಿ ತರುವವರು ಜಬ್ಬಾಲೀನ್ ಎಂಬ ಜನ. ಬಹುಪಾಲು ಕಾಪ್ಟಿಕ್ ಕ್ರೈಸ್ತರು. ದಕ್ಷಿಣ ಸೀಮೆಯ ಹಳ್ಳಿಗಳಿಂದ ೧೯೪೦ ರ ದಶಕದಿಂದೀಚೆಗೆ ಬಂದು, ಕೊನೆಗೆ ಮುಕತ್ತಮ್ ಗುಡ್ಡದ ಬುಡದಲ್ಲಿ ನೆಲಸಿದವರು. ಕಾಗದ, ತಗಡು, ಪ್ಲಾಸ್ಟಿಕ್ಕುಗಳನ್ನು ಹೆಂಗಸರು ಮಕ್ಕಳು ಕೈಯಿಂದಲೇ ಬೇರ್ಪಡಿಸಿ ಮಾರುತ್ತಾರೆ. ಉಳಿದ ಅನ್ನ ತರಕಾರಿಗಳನ್ನು ಹಂದಿಗಳಿಗೆ ಹಾಕಿ ಸಾಕುತ್ತಿದ್ದರು. ೨೦೦೯ ರಲ್ಲಿ ಹಂದಿಜ್ವರದ ಭಯದಿಂದ ಸರಕಾರದವರು ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿದರು. ಅನಂತರ ಕೊಳೆಯುವ ಕಸ ಬೀದಿಗಳಲ್ಲಿ ರಾಶಿಬಿದ್ದಾಗಲೇ ಆ ಪ್ರಾಣಿಗಳು ಮಾಡುತ್ತಿದ್ದ ಉಪಕಾರ ಊರಿಗೆ ತಿಳಿದುದು. ಅವರ ಕೇರಿಯಲ್ಲಿ ನಾವು ಗಾಡಿಯಿಂದ ಇಳಿಯಲಿಲ್ಲ. ಮೂಗಿಗೆ ಸೆರಗು ಹಿಡಿದು ನೋಡುತ್ತ ಹೋದೆವೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಇನ್ನು ರೊಟ್ಟಿಯ ಸಂಗತಿ. ಬೈಸಿಕಲ್ಲಿನ ಮೇಲೆ ಕುಳಿತ ತರುಣ, ಅವನ ತಲೆಯ ಮೇಲೆ ಖರ್ಜೂರದ ಗರಿಯ ದಿಂಡಿನಿಂದ ಮಾಡಿದ ಆಳುದ್ದದ ಚೌಕಟ್ಟು, ಅದರ ತುಂಬ ಬಿಸಿ ರೊಟ್ಟಿ. ಒಂದು ಕೈ ಚೌಕಟ್ಟಿಗೆ, ಒಂದು ಕೈ ಬೈಸಿಕಲ್ಲಿಗೆ. ಗಾಡಿಗಳ ಆ ಪ್ರವಾಹದಲ್ಲಿ ಅವನು ಜಾರಿಹೋಗುವುದನ್ನು ನೋಡಿ ನನ್ನವರು ದಿನವೂ ಉಸಿರು ಬಿಗಿಹಿಡಿಯುತ್ತಿದ್ದರು. ನಮ್ಮ ಪುಲ್ಕದಂತೆ ಉಬ್ಬಿದ, ಹೊಟ್ಟು ಸೇರಿದ ಗೋದಿಯ ಈ ರೊಟ್ಟಿಗೆ ಅಲ್ಲಿಯ ಹೆಸರು ಐಶ್. ಐಶ್ ಎಂದರೆ ಬದುಕು. ಬೇರೆ ಅರಬ್ಬೀ ನಾಡುಗಳಲ್ಲಿ ರೊಟ್ಟಿಗೆ ಸಾಮಾನ್ಯವಾಗಿ ಖುಬ್ಜ್ ಎಂದರೆ, ಈಜಿಪ್ಟಿನವರು ಬದುಕೆಂದೇ ಕರೆಯುತ್ತಾರೆ. ೧೯೭೭ ರ ಜನವರಿಯಲ್ಲಿ ಸಾದಾತರ ಸರಕಾರ ಆಹಾರ ಪದಾರ್ಥಗಳ ಸಹಾಯಧನವನ್ನು ಇಳಿಸಿದಾಗ ಊರೂರು ಹೊತ್ತಿ ಉರಿದು, ಎರಡೇ ದಿನಗಳಲ್ಲಿ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ೨೦೧೧ ರಲ್ಲಿ ತಹರೀರ್ ಚೌಕದಲ್ಲಿ ಸೇರಿದ ಜನ ಸ್ವಾತಂತ್ರ್ಯಕ್ಕಿಂತಲೂ ಮೊದಲು ಹೆಸರು ಹಿಡಿದು ಕೇಳಿದ್ದು ಐಶ್.

ಒಂದು ಮುಂಜಾನೆ ನಾನೊಬ್ಬನೇ ರೊಟ್ಟಿ ತರಲು ಇಳಿದೆ. ಎರಡು ಬೀದಿ ಆಚೆ ಒಂದು ಭಟ್ಟಿಯ ಮುಂದೆ ಜನ ಸಾಲುಗಟ್ಟಿದ್ದರು, ನಾನೂ ನಿಂತೆ. ಕಿಟಕಿಯ ಬಳಿಗೆ ಬಂದಾಗ ಒಳಗಿನವನು ಏನನ್ನೋ ಕೇಳಿದ. ನಾನು ಹಣ ನೀಡಿದೆ. ಅವನು ತಲೆಯಲ್ಲಾಡಿಸಿ ಒಂದು ಸಣ್ಣ ಯಂತ್ರವನ್ನು ತೋರಿಸಿದ. ಅದು ಸರಕಾರದ ಅಗ್ಗದ ರೊಟ್ಟಿಯ ಅಂಗಡಿ. ಚೀಟಿಯುಳ್ಳವರಿಗೆ ಮಾತ್ರವೆಂಬುದು ನನಗೆ ತಿಳಿದಿರಲಿಲ್ಲ. ಹಿಂದಿನವರು ಗೊಣಗತೊಡಗಿದರು. ಮುಖ ಕೆಂಪಾಗಿ ಸಾಲಿನಿಂದ ಈಚೆಗೆ ಬಂದೆ. ನನ್ನ ಮುಂದಿದ್ದು ಆಗಲೇ ರೊಟ್ಟಿ ಪಡೆದಿದ್ದ ಕಪ್ಪು ಉಡುಪಿನ ಮುದುಕಿಯೊಬ್ಬಳು ಅವನ್ನು ಗೋಡೆಯ ಮೇಲೆ ಆರಹಾಕುತ್ತಿದ್ದಳು. ನನ್ನನ್ನು ನೋಡಿದಳು, “ಹಿಂದೀ?” ಎಂದಳು. ಹೌದೆಂದು ತಲೆದೂಗಿದೆ. ಐದು ರೊಟ್ಟಿಗಳನ್ನು ಎಣಿಸಿ ನನ್ನ ಕೈಯಲ್ಲಿಟ್ಟಳು. ಹಣ ಕೊಡಹೋದರೆ ಎದೆಯ ಮೇಲೆ ಕೈಯಿಟ್ಟುಕೊಂಡು ಹಿಂದಕ್ಕೆ ಸರಿದಳು. ಬೇಡವೆನ್ನಲು ನನಗೆ ಮಾತು ಬರಲಿಲ್ಲ. “ಶುಕ್ರನ್” ಎಂದು ಹೇಳಿ, ಬಿಸಿ ರೊಟ್ಟಿಯನ್ನು ಎದೆಗೆ ಅವಚಿಕೊಂಡು ಹಿಗ್ಗುತ್ತ ಮನೆಗೆ ಬಂದೆ. ನಾವಿಬ್ಬರೂ ಚಟ್ನಿಪುಡಿಯೊಡನೆ ಮೂರನ್ನು ತಿಂದೆವು.

ಸಂಜೆ ಇದನ್ನು ಹೇಳಿದಾಗ ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಯ ಲೆಕ್ಕ ದಿನಕ್ಕೆ ತಲೆಗೆ ಐದು ರೊಟ್ಟಿ ಎಂದರು. ನಾನು ತಂದದ್ದು ಒಬ್ಬರ ಒಂದು ದಿನದ ಪಾಲು. ಆಕೆಯ ಮನೆಯಲ್ಲಿ ಎಷ್ಟು ಜನರಿದ್ದರೋ, ಅಥವಾ ಆಕೆಯೊಬ್ಬಳೇ ಇದ್ದಳೋ! ಮಾರನೆಯ ಬೆಳಗ್ಗೆ ನನ್ನ ಮನೆಯವರು ಒಂದು ಡಬ್ಬದಲ್ಲಿ ಅವಲಕ್ಕಿ, ಇನ್ನೊಂದರಲ್ಲಿ ಕೊಬ್ಬರಿಮಿಠಾಯಿ ತುಂಬಿಸಿಕೊಂಡು ನನ್ನೊಡನೆ ಹೊರಟರು. ಮೂರು ದಿನ ಬೆಳಗ್ಗೆ ಆ ಸಾಲಿನ ಬಳಿ ನಿಂತೆವು. ಕಪ್ಪು ಉಡುಪಿನ ಮುದುಕಿಯರು ಎಷ್ಟೋ ಮಂದಿ ಬಂದರು. ಆಕೆ ಬರಲಿಲ್ಲ, ಅಥವಾ ಬಂದರೂ ನಾನು ಗುರುತಿಸಲಿಲ್ಲ. ಮೂರನೆಯ ದಿನ ನನ್ನವರು ಮಿಠಾಯಿಯನ್ನು ಸಾಲಿನಲ್ಲಿದ್ದ ಮಕ್ಕಳಿಗೆ ಹಂಚಿಬಿಟ್ಟರು. ನಾಲ್ಕನೆಯ ದಿನ ನಮ್ಮ ವಿಮಾನ.

ಆ ಅಗ್ಗದ ರೊಟ್ಟಿಯ ಬೆಲೆ ಆಗ ಒಂದಕ್ಕೆ ಐದು ಪಿಯಾಸ್ತರ್. ನೂರು ಪಿಯಾಸ್ತರಿಗೆ ಅಲ್ಲಿಯ ಒಂದು ಪೌಂಡು. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ಯಾವ ಸರಕಾರವೂ ಮುಟ್ಟಿರಲಿಲ್ಲ. ನಾವು ಹಿಂದಿರುಗಿದ ಮೇಲೆ, ೨೦೨೪ ರ ಜೂನ್ ಒಂದನೆಯ ತಾರೀಖಿನಿಂದ ಅದು ಇಪ್ಪತ್ತು ಪಿಯಾಸ್ತರಾಯಿತು. ಸುಮಾರು ಏಳು ಕೋಟಿ ಜನ ಆ ರೊಟ್ಟಿಯನ್ನು ಅವಲಂಬಿಸಿದವರು. ಇಪ್ಪತ್ತಾದರೂ ಸುಡುವ ಖರ್ಚಿಗಿಂತ ಎಷ್ಟೋ ಕಡಮೆಯೆಂದು ಸರಕಾರದವರ ವಾದ, ಅದು ನಿಜವೂ ಇರಬಹುದು. ಮಗಳು ದೂರವಾಣಿಯಲ್ಲಿ ಈ ಸುದ್ದಿ ಹೇಳಿದ ದಿನ ನನ್ನವರು ಹಂಚಿನ ಮೇಲೆ ರೊಟ್ಟಿ ಬೇಯಿಸುತ್ತಿದ್ದರು. “ಹಾಗಾದರೆ ಐದಕ್ಕೆ ಎಷ್ಟಾಯಿತು?” ಎಂದು ಕೇಳಿದರು. ಒಂದು ಪೌಂಡು ಎಂದೆ. “ಮೊದಲು?” ಕಾಲು ಪೌಂಡು ಎಂದೆ. ರೊಟ್ಟಿಯನ್ನು ಮಗುಚಿ ಹಾಕಿ, “ನಿಮಗೆ ಆಕೆಯ ಮುಖ ಸ್ವಲ್ಪವೂ ನೆನಪಿಲ್ಲವೆ?” ಎಂದರು.