ನೆಲ ಸಮೀಪಿಸಿದಾಗ ಮಾತೇಕೆ?

ವಿಮಾನವು ಬಹಳ ಎತ್ತರದಲ್ಲಿ ಹಾರುತ್ತಿರುವಾಗ ವೈಮಾನಿಕನು ಕ್ಷಣಕಾಲ ಮೈಮರೆತರೂ ತಿದ್ದಿಕೊಳ್ಳಲು ಅವಕಾಶವುಂಟು. ನೆಲ ಹತ್ತಿರವಾದಂತೆಲ್ಲ ಆ ಅವಕಾಶ ಕಿರಿದಾಗುತ್ತದೆ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ಇಳಿಯಬೇಕಾಗಿದ್ದ ಈಸ್ಟರ್ನ್ ಕಂಪೆನಿಯ ವಿಮಾನವೊಂದು ಮಂಜಿನಲ್ಲಿ ನಿಲ್ದಾಣವನ್ನು ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ 70ಕ್ಕೂ ಹೆಚ್ಚು ಮಂದಿ ಮಡಿದರು. ಇಳಿಯುತ್ತಿದ್ದ ಹೊತ್ತಿನಲ್ಲಿ ವೈಮಾನಿಕರಿಬ್ಬರೂ ರಾಜಕೀಯವನ್ನೂ ಹಳೆಯ ಮೋಟಾರುಗಳನ್ನೂ ಕುರಿತು ಹರಟುತ್ತಿದ್ದರೆಂದು ಧ್ವನಿಮುದ್ರಣದಿಂದ ತಿಳಿದುಬಂದಿತು. 1981ರಲ್ಲಿ ಅಲ್ಲಿನ ಸರಕಾರವು, 10,000 ಅಡಿಗಿಂತ ಕೆಳಗೆ ಏರುವಾಗಲೂ ಇಳಿಯುವಾಗಲೂ ಕೆಲಸಕ್ಕೆ ಸಂಬಂಧಿಸದ ಮಾತು ಕೂಡದೆಂದು ವಿಧಿಸಿತು.

ಆದರೆ ಈ ವಿಧಿ ಬಾಡಿಗೆಗೆ ವಿಮಾನ ಹಾರಿಸುವ ಕಂಪೆನಿಗಳಿಗೆ ಸಂಬಂಧಿಸಿದ್ದು. ಸ್ವಂತದ ಪುಟ್ಟ ವಿಮಾನವನ್ನು ಹಾರಿಸುವವನಿಗೆ ಅದರ ಕಟ್ಟಿಲ್ಲ, ನೆರವಿಗೆ ಇನ್ನೊಬ್ಬ ವೈಮಾನಿಕನೂ ಸಾಮಾನ್ಯವಾಗಿ ಇರುವುದಿಲ್ಲ. ಪಕ್ಕದಲ್ಲಿ ಕುಳಿತವರು ಬಂಧುಗಳೋ ಸ್ನೇಹಿತರೋ ಆಗಿರುವುದರಿಂದ ‘ಸುಮ್ಮನಿರಿ’ ಎನ್ನಲು ಸಂಕೋಚ. (ಗಲ್ಲಾದಲ್ಲಿ ಹಣವೆಣಿಸುವವನನ್ನು ಮಾತಿಗೆಳೆದರೆ ಏನಾಗುವುದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.) ರನ್‌ವೇಯತ್ತ ಕೊನೆಯ ತಿರುವು ತೆಗೆದುಕೊಳ್ಳುವಾಗ ಗಮನ ಬೇರೆಡೆ ಹರಿದು ವೇಗ ಮಿತಿಮೀರಿ ತಗ್ಗಿದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು. ಅಷ್ಟು ಕೆಳಗೆ ಚೇತರಿಸಿಕೊಳ್ಳಲು ಎಡೆಯೇ ಇರದು. ಮಡಿಸಿದ್ದ ಗಾಲಿಗಳನ್ನು ಬಿಡಿಸಲು ಮರೆತು ಹೊಟ್ಟೆಯ ಮೇಲೆ ಇಳಿದವರೂ ಉಂಟು.

ವಿಚಿತ್ರವೆಂದರೆ, ಗಮನ ಕೆಡಿಸುವ ಸಂಗತಿಯು ಹಲವು ವೇಳೆ ತಾನಾಗಿ ಅಪಾಯಕರವಲ್ಲ. ಸರಿಯಾಗಿ ಮುಚ್ಚದ ಬಾಗಿಲು ಹಾರಾಟದಲ್ಲಿ ತೆರೆದುಕೊಂಡರೆ ಸದ್ದೂ ಗಾಳಿಯೂ ವಿಪರೀತ. ಆದರೂ ಸಾಮಾನ್ಯವಾಗಿ ವಿಮಾನ ಹಾರುತ್ತಲೇ ಇರುತ್ತದೆ. ಅದನ್ನು ಮುಚ್ಚಲು ಕೈಚಾಚಿ, ವೇಗವನ್ನು ಮರೆತು ಬಿದ್ದವರಿದ್ದಾರೆ. ಬಾಗಿಲನ್ನು ಹಾಗೆಯೇ ಬಿಟ್ಟು, ಎಂದಿನಂತೆ ಸುತ್ತು ಹಾಕಿ ಇಳಿಯಬೇಕೆಂದು ಬೋಧಕರು ಶಿಷ್ಯರಿಗೆ ಕಲಿಸುತ್ತಾರೆ.