ಅಟ್ಟದ ಮೇಲಿನ ಹಳೆಯ ಕಾವು ಪೆಟ್ಟಿಗೆ: ಮತ್ತೆ ಬಳಕೆಗೆ ತರುವ ಬಗೆ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬೀಜದ ಕಬ್ಬು, ಕುಳೆ, ಗೊಬ್ಬರ, ನೀರಿನ ವಿಷಯ ಬರೆಯುತ್ತೇನೆ. ಈ ಸಲದ ವಿಷಯ ಬೇರೆ. ಕಬ್ಬಿನ ಹಣ ಹಂಗಾಮಿಗೆ ಬರುತ್ತದೆ. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದ ಖರ್ಚು ಮಾತ್ರ ವಾರವಾರವೂ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ವಾರದ ಖರ್ಚನ್ನು ತೂಗಿಸುವುದು ಹೆಣ್ಣುಮಕ್ಕಳು ಸಾಕಿದ ಹಿತ್ತಲ ಕೋಳಿಗಳು. ಒಂದು ಜವಾರಿ ಕೋಳಿ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಕೊಟ್ಟೀತು. ಸುಧಾರಿತ ತಳಿಯ ಕೋಳಿ ಮೊಟ್ಟೆ ಹೆಚ್ಚು ಇಟ್ಟರೂ ಕಾವಿಗೆ ಕೂಡುವುದು ಕಡಿಮೆ. ಅದಕ್ಕಾಗಿಯೇ ಕಾವು ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಬೇಕಾಗುತ್ತದೆ.

ನಮ್ಮ ಒಬ್ಬ ಸಭಾಸದರ ಅಟ್ಟದ ಮೇಲೆ ಹಿರಿಯರ ಕಾಲದ, ಚಿಮಣಿ ಎಣ್ಣೆಯ ದೀಪದಿಂದ ನಡೆಯುವ ಇಂಥ ಒಂದು ಪೆಟ್ಟಿಗೆ ಬಿದ್ದಿತ್ತು. ಅದನ್ನು ನಾವಿಬ್ಬರೂ ಸೇರಿ ದುರಸ್ತಿ ಮಾಡಿದೆವು. ಅದರಿಂದ ಕಲಿತದ್ದನ್ನು, ನಾನು ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಪೆಟ್ಟಿಗೆ ನಡೆಯುವ ಬಗೆ

ಕೋಳಿಯಿಲ್ಲದೆ ಮರಿ ಮಾಡಿಸುವ ವಿದ್ಯೆ ಹೊಸದಲ್ಲ. ಈಜಿಪ್ಟಿನವರು ಎರಡು ಸಾವಿರ ವರ್ಷಗಳ ಹಿಂದೆಯೇ ಮಣ್ಣಿನ ಗೂಡುಗಳಲ್ಲಿ ಬೆಂಕಿಯ ಕಾವಿನಿಂದ ಮರಿ ತೆಗೆಯುತ್ತಿದ್ದರು. ಆದರೆ ಕಾವನ್ನು ಹದದಲ್ಲಿ ಇಡಲು ಒಬ್ಬ ಅನುಭವಿ ಹಗಲುರಾತ್ರಿ ಕಾಯಬೇಕಾಗಿತ್ತು. 1881ರಲ್ಲಿ ಲಂಡನ್ನಿನ ಹಿಯರ್ಸನ್ ಎಂಬವರು ಈ ಕಾವಲಿನ ಕೆಲಸವನ್ನು ಒಂದು ಚಿಕ್ಕ ಲೋಹದ ಬಿಲ್ಲೆಗೆ ವಹಿಸಿದರು.

ಬಿಲ್ಲೆಯೊಳಗೆ ಈಥರ್ ಬೆರೆತ ದ್ರವ ಇರುತ್ತದೆ. ಪೆಟ್ಟಿಗೆ ಕಾದಾಗ ದ್ರವ ಆವಿಯಾಗಿ ಬಿಲ್ಲೆ ಉಬ್ಬುತ್ತದೆ. ಉಬ್ಬಿದ ಬಿಲ್ಲೆ ಒಂದು ಸಲಾಕೆಯನ್ನು ಮೇಲಕ್ಕೆ ನೂಕುತ್ತದೆ; ಸಲಾಕೆ ತಕ್ಕಡಿಯಂಥ ಕೋಲನ್ನು ಎತ್ತುತ್ತದೆ; ಕೋಲಿನ ತುದಿಯ ಮುಚ್ಚಳ ದೀಪದ ಚಿಮಣಿಯ ಮೇಲಿನಿಂದ ಏಳುತ್ತದೆ. ಆಗ ದೀಪದ ಬಿಸಿ ಪೆಟ್ಟಿಗೆಗೆ ಹೋಗದೆ ನೇರವಾಗಿ ಹೊರಬೀಳುತ್ತದೆ. ತಣ್ಣಗಾದರೆ ಬಿಲ್ಲೆ ಕುಗ್ಗಿ, ಮುಚ್ಚಳ ಕೂತು, ಬಿಸಿ ಮತ್ತೆ ಒಳಗೆ ಹರಿಯುತ್ತದೆ.

ದುರಸ್ತಿ

1. ಮೊದಲು ಒಳಗಿನ ಪದರು ನೋಡಿರಿ. ಕಟ್ಟಿಗೆ ಹೊಟ್ಟು, ಉಣ್ಣೆ ಇದ್ದರೆ ಚಿಂತೆಯಿಲ್ಲ. ದೀಪದ ಸುತ್ತ ಬಿಳಿ ಅಥವಾ ಬೂದು ಬಣ್ಣದ ನಾರಿನಂಥ ಹಲಗೆ ಇದ್ದರೆ ಅದು ಕಲ್ನಾರು ಇರಬಹುದು. ಅದನ್ನು ಕೆರೆಯಬೇಡಿರಿ, ಒಡೆಯಬೇಡಿರಿ. ಅದರ ಧೂಳು ಪುಪ್ಪುಸಕ್ಕೆ ಮಾರಕ. ಅಂಥ ಪೆಟ್ಟಿಗೆಯನ್ನು ಬಳಸದಿರುವುದೇ ಲೇಸು.

2. ಹೊಗೆಕೊಳವೆಯಲ್ಲಿ ಕಟ್ಟಿದ ಮಸಿ ತೆಗೆಯಿರಿ. ನೀರಿನ ತೊಟ್ಟಿ ಇರುವ ಪೆಟ್ಟಿಗೆಯಾದರೆ ನೀರು ತುಂಬಿ ಒಂದು ರಾತ್ರಿ ಬಿಡಿರಿ. ಸೋರಿದರೆ ಬೆಸುಗೆ ಹಾಕಿಸಿರಿ.

3. ಬಿಲ್ಲೆಯನ್ನು ಕೈಗೆ ಬಿಸಿಯೆನಿಸುವ ನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್, ಮುಳುಗಿಸಿರಿ. ಉಬ್ಬಿ, ಹೊರಗೆ ತೆಗೆದಾಗ ಕುಗ್ಗಿದರೆ ಸರಿ. ಉಬ್ಬದಿದ್ದರೆ ದ್ರವ ಸೋರಿಹೋಗಿದೆ, ಬದಲಿಸಲೇಬೇಕು. ಬೆಂಕಿಯ ಹತ್ತಿರ ಒಯ್ಯಬೇಡಿರಿ. ಈಥರ್ ಥಟ್ಟನೆ ಹೊತ್ತಿಕೊಳ್ಳುತ್ತದೆ.

4. ಬತ್ತಿ ಹೊಸದು ಹಾಕಿರಿ. ಪೆಟ್ಟಿಗೆಯನ್ನು ಸಾಬೂನು ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿರಿ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಮಾಡಿ, ಬಣ್ಣವನ್ನೂ ಬಳಿದು, ಊರಿನ ಹೆಣ್ಣುಮಕ್ಕಳಿಂದ 60 ಮೊಟ್ಟೆ ಕೂಡಿಸಿ ಇಟ್ಟೆವು. ಥರ್ಮಾಮೀಟರನ್ನು ಓದಲು ಅನುಕೂಲವೆಂದು ಪೆಟ್ಟಿಗೆಯ ಮೇಲ್ಭಾಗದ ಕೊಕ್ಕೆಗೆ ತೂಗುಹಾಕಿದೆ. ಮೂರು ವಾರವೂ ಅದು 102 ಡಿಗ್ರಿ ತೋರಿಸಿತು. 21ನೇ ದಿನ ಒಂದೂ ಒಡೆಯಲಿಲ್ಲ. 23ನೇ ದಿನಕ್ಕೆ ಹನ್ನೊಂದು ಮರಿ ಬಂದವು, ಅವೂ ಸೋತ ಕಾಲಿನವು. ಉಳಿದವನ್ನು ಒಡೆದು ನೋಡಿದಾಗ ಅನೇಕ ಮೊಟ್ಟೆಗಳಲ್ಲಿ ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿತ್ತು.

ಕಾರಣ ಸರಳ. ಈ ಪೆಟ್ಟಿಗೆಯಲ್ಲಿ ಪಂಖ ಇಲ್ಲ, ಗಾಳಿ ನಿಂತಿರುತ್ತದೆ. ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ. ಮೇಲೆ 102 ಇದ್ದಾಗ ಕೆಳಗೆ ಮೊಟ್ಟೆಯ ಹತ್ತಿರ ಅಷ್ಟು ಇರಲಿಲ್ಲ. ಕಬ್ಬಿನ ಪಕ್ವತೆ ನೋಡುವ ಮುನ್ನ ಬ್ರಿಕ್ಸ್ ಮೀಟರಿಗೆ ಶುದ್ಧ ನೀರಿನ ಹನಿ ಹಾಕಿ ಸೊನ್ನೆ ನೋಡುವವನು ನಾನು. ಮೊಟ್ಟೆಯ ವಿಷಯದಲ್ಲಿ ಆ ಶಿಸ್ತು ಮರೆತೆ. ಮೊಟ್ಟೆ ಕೊಟ್ಟವರಿಗೆ ಹಣ ತಿರುಗಿಸಿದೆ. ಆದರೆ ಅವರು ನೆಚ್ಚಿದ್ದು ಮರಿಗಳನ್ನು.

ಆದ್ದರಿಂದ ಈ ಎರಡು ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಒಂದು, ಥರ್ಮಾಮೀಟರಿನ ಬುರುಡೆ ಮೊಟ್ಟೆಯ ಮೇಲ್ಮೈಯ ಮಟ್ಟಕ್ಕೇ ಇರಬೇಕು, ಅಲ್ಲಿ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 39 ಸೆಲ್ಸಿಯಸ್ ಇರಬೇಕು. ಅದನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಜೊತೆ ಇಟ್ಟು ಹೋಲಿಸಿರಿ. ಎರಡು, ಮೊಟ್ಟೆಯಿಲ್ಲದ ಖಾಲಿ ಪೆಟ್ಟಿಗೆಯನ್ನು ಮೂರು ದಿನ, ಮೂರು ರಾತ್ರಿ ನಡೆಸಿರಿ. 102ರಲ್ಲಿ ಚಿಮಣಿಯ ಮುಚ್ಚಳ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಎದ್ದಿರುವಂತೆ ತಿರುಪು ಹೊಂದಿಸಿರಿ. ಅಲುಗಾಡದೆ ನಿಂತ ಮೇಲೆಯೇ ಮೊಟ್ಟೆ.

ಇಪ್ಪತ್ತೊಂದು ದಿನಗಳ ಕೆಲಸ

ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು. ಬಿರುಕು, ಸೊಟ್ಟ, ತೀರ ಸಣ್ಣವನ್ನು ಬಿಡಿರಿ. ತೊಳೆಯಬೇಡಿರಿ. ಪೆನ್ಸಿಲಿನಿಂದ ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕಿರಿ. ಎರಡನೇ ದಿನದಿಂದ ದಿನಕ್ಕೆ ಮೂರು ಸಲ ಹೊರಳಿಸಬೇಕು. ಮೂರು ಎಂಬುದಕ್ಕೆ ಅರ್ಥವಿದೆ: ಬೆಸ ಸಂಖ್ಯೆಯಾದರೆ ದೀರ್ಘವಾದ ರಾತ್ರಿಯಲ್ಲಿ ಒಂದೇ ಬದಿ ಪ್ರತಿ ದಿನ ಮೇಲಾಗಿ ಉಳಿಯುವುದಿಲ್ಲ. ಕೈ ತೊಳೆದು ಮುಟ್ಟಿರಿ.

ಕೆಳಗಿನ ತಟ್ಟೆಯಲ್ಲಿ ಸದಾ ನೀರಿರಲಿ. 18 ದಿನದವರೆಗೆ ತೇವಾಂಶ ಶೇಕಡಾ 50ರಿಂದ 55, ಕೊನೆಯ ಮೂರು ದಿನ ಶೇಕಡಾ 65ರಿಂದ 70. ಅದಕ್ಕಾಗಿ 18ನೇ ದಿನ ಒದ್ದೆ ಬಟ್ಟೆಯನ್ನು ತಟ್ಟೆಯಲ್ಲಿ ಸೇರಿಸಿರಿ, ಹೊರಳಿಸುವುದನ್ನು ನಿಲ್ಲಿಸಿರಿ, ಬಾಗಿಲು ತೆರೆಯಬೇಡಿರಿ. ಕುತೂಹಲಕ್ಕೆ ಮುಚ್ಚಳ ಎತ್ತಿದರೆ ತೇವ ಹಾರಿ ಒಳಪೊರೆ ಒಣಗುತ್ತದೆ. ಮರಿ ಅದನ್ನು ಸೀಳಲಾರದು.

7ನೇ ದಿನ ಕತ್ತಲಲ್ಲಿ ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿರಿ. ಜೇಡನ ಕಾಲಿನಂತೆ ರಕ್ತನಾಳ ಕಂಡರೆ ಜೀವವಿದೆ. ತಿಳಿಯಾಗಿದ್ದರೆ ತೆಗೆದುಬಿಡಿರಿ. ಎರಡನೇ ವಾರದ ನಡುವಿನಿಂದ ಮರಿಗಳೇ ಶಾಖ ಹುಟ್ಟಿಸತೊಡಗುತ್ತವೆ. ಮಾಪಕ ಏರಿದರೆ ಬತ್ತಿ ತಗ್ಗಿಸಿರಿ.

ಕಾಲ ಮತ್ತು ಜಾಗ

ಹಳೆಯ ಪೆಟ್ಟಿಗೆ ಬಿಸಿ ಕೊಡಬಲ್ಲದು, ಬಿಸಿ ತೆಗೆಯಲಾರದು. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಬೇಸಿಗೆಯಲ್ಲಿ ಹೊರಗೇ 40 ಸೆಲ್ಸಿಯಸ್ ದಾಟುತ್ತದೆ. ಆಗ ದೀಪ ಆರಿಸಿದರೂ ಮೊಟ್ಟೆ ಬೇಯುತ್ತದೆ. ದಸರೆಯಿಂದ ಶಿವರಾತ್ರಿಯೊಳಗೆ ಕೆಲಸ ಮುಗಿಸಿರಿ. ಗಾಳಿಯಾಡುವ, ನೇರ ಬಿಸಿಲು ಬೀಳದ ಕೋಣೆ ಬೇಕು. ಮಲಗುವ ಕೋಣೆ ಬೇಡ. ಹೊಗೆಯಲ್ಲಿ ಕಾಣದ ವಿಷಗಾಳಿ ಇರುತ್ತದೆ. ರವದಿ, ಕಣಿಕೆ, ಹೊಟ್ಟಿನ ಬಳಿ ಇಡಬೇಡಿರಿ. ದೀಪದ ಕೆಳಗೆ ಉಸುಕಿನ ತಟ್ಟೆ ಇರಲಿ. ಎಣ್ಣೆ ಹಗಲಿನಲ್ಲಿ, ದೀಪ ಆರಿಸಿಯೇ ತುಂಬಿರಿ. ಹೊತ್ತಿಸಿದ ಮೇಲೆ ಜ್ವಾಲೆ ಏರುತ್ತದೆ, ಅರ್ಧ ತಾಸು ಬಿಟ್ಟು ಹೋಗಬೇಡಿರಿ.

ಚಿಮಣಿ ಎಣ್ಣೆ ಸಿಗದವರು ಪೆಟ್ಟಿಗೆಗೆ ವಿದ್ಯುತ್ ಕೂಡಿಸಬಹುದು. ಬಲ್ಲ ವೈರ್‌ಮನ್ ಕೈಯಿಂದ ಥರ್ಮೋಸ್ಟಾಟ್ ಹಾಕಿಸಿರಿ, ಅರ್ಥಿಂಗ್ ಮಾಡಿಸಿರಿ. ಈಗಿನ ಎಲ್‌ಇಡಿ ಬಲ್ಬು ಮೊಟ್ಟೆ ಕಾಯಿಸುವಷ್ಟು ಶಾಖ ಕೊಡುವುದಿಲ್ಲ. ತಂತಿಯ ಬಲ್ಬು ಅಥವಾ ಹೀಟರ್ ಬೇಕು.

ಎರಡನೆಯ ಸಲ ಥರ್ಮಾಮೀಟರನ್ನು ಮೊಟ್ಟೆಯ ಮಟ್ಟಕ್ಕೆ ಇಳಿಸಿ, ಮೊದಲು ಕೊಟ್ಟವರಿಂದಲೇ ಮತ್ತೆ 60 ಮೊಟ್ಟೆ ಕೇಳಿದೆ. ಅವರು ಕೊಟ್ಟರು. 21ನೇ ದಿನ ಬೆಳಗಿನ ಜಾವ ಚಿಂವ್ ಚಿಂವ್ ಕೇಳಿಸಿತು. ಸಂಜೆಗೆ 41 ಮರಿ. ಒಣಗಿದ ಮರಿಗಳನ್ನು 95 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚನೆಯ ಬುಟ್ಟಿಗೆ ಹಾಕಿ ಅವರ ಮನೆಗಳಿಗೆ ಮುಟ್ಟಿಸಿದೆವು. ಐದರಿಂದ ಏಳನೇ ದಿನದೊಳಗೆ ರಾಣಿಖೇತ ಲಸಿಕೆ ಹಾಕಿಸಲು ಮರೆಯಬೇಡಿರಿ.

ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದವರು ಗುಜರಿಗೆ ಹಾಕುವ ಮುನ್ನ ಗಟ ಕಚೇರಿಯಲ್ಲಿ ತಿಳಿಸಿರಿ. ಬಂದು ನೋಡುತ್ತೇನೆ, ಥರ್ಮಾಮೀಟರ್ ನಾನೇ ತರುತ್ತೇನೆ.

— ಕಬ್ಬು ಅಭಿವೃದ್ಧಿ ಅಧಿಕಾರಿ