ಅಂಕ ಹೇಳದ ಕಲಿಕೆ

42ರಲ್ಲಿ 17 ಕಳೆದು 35 ಎಂದು ಬರೆದ ಮಗುವಿಗೆ ಪರೀಕ್ಷೆ ಸೊನ್ನೆ ಕೊಡುತ್ತದೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಶಿಕ್ಷಕಿಯಾದ ನಾನು ‘ಹೇಗೆ ಮಾಡಿದೆ, ಹೇಳು ಪುಟ್ಟಾ’ ಎನ್ನುತ್ತೇನೆ. ‘ಏಳರಲ್ಲಿ ಎರಡು ಕಳೆದೆ ಮಿಸ್’ ಎಂಬ ಉತ್ತರದಲ್ಲೇ ತೊಡಕು ಸಿಗುತ್ತದೆ: ದಶಕ ಬಿಡಿಸುವುದು ತಿಳಿದಿಲ್ಲ. ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಎಣಿಸಿದರೆ 25 ತಾನಾಗಿ ಬರುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತಿಸುತ್ತೇವೆ. ಮಕ್ಕಳ ಬರಹ, ಚಿತ್ರಗಳನ್ನು ತಿಂಗಳುವಾರು ಕೃತಿಸಂಪುಟದಲ್ಲಿ ಜೋಡಿಸುತ್ತೇನೆ. ಜೂನ್ ಹಾಳೆಯ ಪಕ್ಕ ಡಿಸೆಂಬರ್ ಹಾಳೆ ಇಟ್ಟರೆ ಓದು ಬಾರದ ತಾಯಿಗೂ ಬೆಳವಣಿಗೆ ಕಾಣುತ್ತದೆ.

ಪಾಲಕರೇ, ಮುಂದಿನ ಸಭೆಯಲ್ಲಿ ‘ಎಷ್ಟು ಅಂಕ?’ ಎನ್ನುವ ಮೊದಲು ‘ಏನು ಬರುತ್ತೆ, ಎಲ್ಲಿ ತೊಡಕು?’ ಎಂದು ಕೇಳಿ.